ಲೈನ್ ಕಟ್ ಆದರೆ

ಜೂನ್ 4

ಅಪ್ಪನವರಿಗೆ,

ಈ ಸಲದ ಕಾಗದ ಅತ್ತೆಗಲ್ಲ, ನಿಮಗೇ. ಲಕೋಟೆಯ ಮೇಲೆ ನಿಮ್ಮ ಹೆಸರು ನೋಡಿ ಅತ್ತೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿರುತ್ತಾರೆ. ನಮ್ಮ ಮನೆಮಾತಿನಲ್ಲೇ ಬರೆಯುತ್ತಿದ್ದೇನೆ. ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಇಲ್ಲಿ ಕೆದಕುವುದಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಇಲ್ಲಿನ ಆಸ್ಪತ್ರೆಯಲ್ಲಿ ಎಂಟು ಜನ ಹೆಂಗಸರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದೇನೆ. ಇಷ್ಟು ವರ್ಷ ಇದೇ ಕಟ್ಟಡದಲ್ಲಿ ನೆಲ ಒರೆಸಿದವರು, ತಟ್ಟೆ ತೊಳೆದವರು, ರೋಗಿಗಳ ಹಾಸಿಗೆ ಬಟ್ಟೆ ಒಗೆದವರು. ಪಾಸಾದರೆ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕುರ್ಚಿ, ಮೇಜು, ಕಿವಿಗೆ ಹೆಡ್‌ಫೋನು. ಆಂಬುಲೆನ್ಸಿಗೆ ಫೋನ್ ಮಾಡುವವರಲ್ಲಿ ಅರ್ಧ ಜನ ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದವರು. ಅವರಿಗೂ ನಮಗೂ ನಡುವೆ ಇರುವುದು ಹರಕುಮುರುಕು ಇಂಗ್ಲಿಷ್ ಒಂದೇ.

ತರಗತಿಯಲ್ಲಿ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬಳ ಕೈಯಲ್ಲಿ ಬೀದಿಗಳ ನಕ್ಷೆ, ಇನ್ನೊಬ್ಬಳ ಕೈಯಲ್ಲಿ ಖಾಲಿ ಹಾಳೆ. ನಕ್ಷೆಯವಳು ಇಂಗ್ಲಿಷಿನಲ್ಲಿ ಹೇಳಬೇಕು, ಹಾಳೆಯವಳು ಕೇಳಿ ಕೇಳಿ ಬಿಡಿಸಬೇಕು, ತಿರುಗಿ ನೋಡುವಂತಿಲ್ಲ. ಮೊದಲ ದಿನ ಪೆಟ್ರೋಲ್ ಬಂಕ್ ಕೆರೆಯೊಳಗೆ ಹೋಗಿತ್ತು, ಸೇತುವೆ ಶಾಲೆಯ ಮೇಲೆ ಹತ್ತಿ ಕೂತಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಉಲ್ಲನ್ ಉಂಡೆಯ ಆಟ. ಉಂಡೆ ಯಾರ ಮಡಿಲಿಗೆ ಬಿದ್ದಿತೋ ಅವರು ಒಂದು ಪ್ರಶ್ನೆ ಕೇಳಿ ಇನ್ನೊಬ್ಬರಿಗೆ ಎಸೆಯಬೇಕು. ಒಂದೇ ಕಟ್ಟಳೆ: ಮಾತಾಡುತ್ತಿರುವವರನ್ನು ತಡೆದು ಯಾರೂ ತಿದ್ದುವಂತಿಲ್ಲ, ನಾನೂ ಸೇರಿದಂತೆ. ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಯ ಹತ್ತು ನಿಮಿಷದಲ್ಲಿ, ಯಾರದೆಂದು ಹೇಳದೆ, ಬೋರ್ಡಿನ ಮೇಲೆ ಹಾಕುತ್ತೇನೆ. ನೀವು ಹುಬ್ಬು ಗಂಟಿಕ್ಕಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ನಮ್ಮ ಮೇಲ್ವಿಚಾರಕರದೂ ಅದೇ ಹುಬ್ಬು. "ಪುಸ್ತಕ ಓದಿಸಿ, ಬಾಯಿಪಾಠ ಮಾಡಿಸಿ ಅಂದ್ರೆ ನೀವು ಚೆಂಡಾಟ ಆಡಿಸ್ತಾ ಇದ್ದೀರಲ್ಲಮ್ಮಾ" ಎಂದರು. ಸೆಪ್ಟೆಂಬರ್ ಕೊನೆಗೆ ಪರೀಕ್ಷೆ. ಹೊರಗಿನ ಪರೀಕ್ಷಕರು ಫೋನಿನಲ್ಲೇ, ರೋಗಿಯ ಕಡೆಯವರಂತೆ ಮಾತಾಡಿ, ಒಬ್ಬೊಬ್ಬರಿಗೂ ಮೂರು ಕರೆ ಮಾಡುತ್ತಾರೆ. ಎಂಟರಲ್ಲಿ ಆರು ಜನ ಪಾಸಾಗದಿದ್ದರೆ ತರಗತಿ ಮುಚ್ಚಿತು, ಎಲ್ಲರೂ ಮತ್ತೆ ಬಕೆಟ್ಟು ಪೊರಕೆಗೆ.

ನನ್ನ ತೊಡಕು ಇದು. ನನ್ನ ದನಿ ಅವರಿಗೆ ಪೂರ್ತಿ ಅಭ್ಯಾಸವಾಗಿಬಿಟ್ಟಿದೆ. ನಾನು ಫೋನಿನಲ್ಲಿ "ಹೆಲ್ಪ್" ಎಂದರೆ ಆ ಕಡೆಯಿಂದ "ಗುಡ್ ಮಾರ್ನಿಂಗ್ ಟೀಚರ್" ಎಂದು ಬರುತ್ತದೆ. ಅವರಿಗೆ ಗೊತ್ತಿಲ್ಲದ ದನಿ ಬೇಕು. ವಾರಕ್ಕೊಮ್ಮೆ, ಬುಧವಾರ ಮೂರು ಗಂಟೆಗೆ, ನೀವು ಫೋನ್ ಮಾಡಿ ಇಂಗ್ಲಿಷಿನಲ್ಲಿ ಆಂಬುಲೆನ್ಸ್ ಕೇಳುತ್ತೀರಾ? ಮೂವತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡಿದವರು ನೀವು. ನನಗೆ ಬೇರೆ ಯಾರೂ ಹೊಳೆಯಲಿಲ್ಲ.

ಇಂತಿ ಮಗಳು

●

ಜೂನ್ 15

ಮಗಳಿಗೆ,

ನಿನ್ನ ಕಾಗದ ಕೈಸೇರಿತು. ನಾನು ಆರೋಗ್ಯವಾಗಿದ್ದೇನೆ, ಗಂಟಲು ಮಾತ್ರ ಸರಿಯಿಲ್ಲ.

ನೀನು ಕೇಳಿದ್ದು ನನ್ನಿಂದ ಆಗುವ ಕೆಲಸವಲ್ಲ. ಒಂದು, ಫೋನಿರುವುದು ಕೆಳಗೆ ನಿನ್ನ ಅತ್ತೆಯ ಟೈಲರಿಂಗ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಸುತ್ತ ಮೂರು ಹೊಲಿಗೆ ಮಿಷನ್ನು, ಅಳತೆ ಕೊಡಲು ಬಂದವರ ಹರಟೆ. ಅಲ್ಲಿ ನಿಂತು ಮಾತಾಡುವುದು ಹೇಗೆ? ಇನ್ನೊಂದು, ತಪ್ಪನ್ನು ಅದು ಬಾಯಿಂದ ಬಿದ್ದ ಕೂಡಲೇ ತಿದ್ದಬೇಕು, ಇಲ್ಲದಿದ್ದರೆ ಅದೇ ಗಟ್ಟಿಯಾಗುತ್ತದೆ. ತಪ್ಪು ಕೇಳಿಯೂ ಸುಮ್ಮನಿರುವ ಪಾಠದಲ್ಲಿ ನಾನು ಪಾಲುದಾರನಾಗಲಾರೆ. ಬೇಕಿದ್ದರೆ ಐವತ್ತು ಮಾದರಿ ವಾಕ್ಯ ಬರೆದು ಕಳಿಸುತ್ತೇನೆ.

ಉಲ್ಲನ್ ಉಂಡೆ ನೆಲಕ್ಕೆ ಬಿದ್ದರೆ ಕೊಳೆಯಾಗುತ್ತದೆ. ಹಳೆಯ ಟೆನಿಸ್ ಚೆಂಡು ಮೇಲು.

ತಂದೆ

●

ಜೂನ್ 17

ಮುದ್ದಿನ ಸೊಸೆಗೆ, ಅಣ್ಣನ ಮೇಲೆ ಅತ್ತೆ ಹೇಳುವ ಚಾಡಿ.

ನಿಮ್ಮಪ್ಪನ ಕಾಗದ ಅಂಚೆಗೆ ಹಾಕಿ ಬಂದವಳು ನಾನೇ. ನೀನು ತಾಯಿ ಕಳಕೊಂಡಾಗಿನಿಂದ ನಿನಗೂ ಅವನಿಗೂ ನಡುವೆ ಟಪಾಲು ಹೊತ್ತು ನನ್ನ ಕಾಲು ಸವೆದಿದೆ, ಇನ್ನೊಂದು ಸಲ ಹೊರುತ್ತೇನೆ.

ಅವನ ಗಂಟಲು ಕಲ್ಲುಗುಂಡಿನ ಹಾಗಿದೆ. ಮೇಲಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು "ಹಲೋ, ಹಲೋ" ಅನ್ನುತ್ತಾನೆ, ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಕೆಮ್ಮುತ್ತಾನೆ. ನಿನಗೆ ಒಂದು ಮಾತು ಹೇಳುತ್ತೇನೆ, ನಾನು ಹೇಳಿದೆ ಅನ್ನಬೇಡ. ನಿಮ್ಮಪ್ಪ ಮೂವತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡಿದ, ಆದರೆ ಜೀವಂತ ಮನುಷ್ಯರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಒಮ್ಮೆ ಶಾಲೆ ನೋಡಲು ಪರದೇಶದ ಅತಿಥಿ ಬಂದಿದ್ದರು. ಆವತ್ತು ಹೊಟ್ಟೆನೋವು ಅಂತ ಮಲಗಿದವನು ಅವರ ಕಾರು ಊರು ದಾಟಿದ ಮೇಲೆ ಎದ್ದು ಊಟ ಕೇಳಿದ. ಪುಸ್ತಕದಲ್ಲಿದ್ದರೆ ಹುಲಿ, ಫೋನಿನಲ್ಲಿ ಇಲಿ. ನಿನ್ನಾಣೆ, ಅವನಿಗೆ ಹೆದರಿಕೆ.

ನಿನ್ನ ಆ ಹಾಸ್ಟೆಲ್ ಕಾಗದದ ವಿಷಯ ನಾನು ಮರೆತಿಲ್ಲ. ಹತ್ತೊಂಬತ್ತರ ಹುಡುಗಿ ನೀನು, ಅಪ್ಪನಿಗೆ ಖುಷಿಯಾಗಲಿ ಅಂತ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದೆ, ಇಲ್ಲಿರಲಾರೆ, ಮನೆಗೆ ಬರಲಾ ಅಂತ. ಅವನು ಕೆಂಪು ಶಾಯಿಯಲ್ಲಿ ತಿದ್ದಿ, ಇಪ್ಪತ್ತಕ್ಕೆ ಹನ್ನೊಂದು ಹಾಕಿ, ವಾಪಸ್ ಕಳಿಸಿದ. ನಾನು ತಿಂಗಳುಗಟ್ಟಲೆ ಅವನ ಜೊತೆ ಮಾತು ಬಿಟ್ಟಿದ್ದೆ. ನೀನು ಹತ್ತು ವರ್ಷ ಅವನಿಗೆ ಬರೆಯುವುದನ್ನೇ ಬಿಟ್ಟೆ. ಈಗ ನೀನಾಗಿ ಬರೆದಿದ್ದೀಯ. ಮಾದರಿ ವಾಕ್ಯ ಗೀಕ್ಯ ಅಂತ ತಪ್ಪಿಸಿಕೊಳ್ಳಲು ಬಿಡಬೇಡ.

ಅತ್ತೆ

●

ಜುಲೈ 1

ಅಪ್ಪನವರಿಗೆ,

ಗಂಟಲು ಕೆಟ್ಟವರೂ ಆಂಬುಲೆನ್ಸ್ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ಅವರೇ ಹೆಚ್ಚು.

ನಮ್ಮ ತರಗತಿಯ ಫೋನ್ ನಂಬರು ಕೆಳಗೆ ಬರೆದಿದ್ದೇನೆ. ಜೊತೆಗೆ ಒಂದು ಚೀಟಿ ಇದೆ, ನಾವು ತರಗತಿಯಲ್ಲಿ ಬಳಸುವಂಥದ್ದು: "ಅಡುಗೆಮನೆಯಲ್ಲಿ ಬೆಂಕಿ. ನಿಮ್ಮ ತಂಗಿಯ ಕೈ ಸುಟ್ಟಿದೆ." ಅತ್ತೆಯ ಅಪ್ಪಣೆ ತೆಗೆದುಕೊಂಡಿದ್ದೇನೆ, ಕೈ ಸುಡಿಸಿಕೊಳ್ಳಲು ಒಪ್ಪಿದ್ದಾರೆ. ನಮ್ಮವರು ನಿಮ್ಮನ್ನು ಮೂರು ಪ್ರಶ್ನೆ ಕೇಳುತ್ತಾರೆ. ಎಲ್ಲಿದ್ದೀರಿ? ಏನಾಯಿತು? ಜೊತೆಗೆ ಯಾರಿದ್ದಾರೆ? ಯಾವ ಕರೆಯೇ ಇರಲಿ, ಈ ಮೂರು, ಇದೇ ಸಾಲಿನಲ್ಲಿ. ನೀವು ಉತ್ತರ ಕೊಟ್ಟರೆ ಸಾಕು. ಯಾರನ್ನೂ ತಿದ್ದಬೇಡಿ, ಯಾರೂ ನಿಮ್ಮನ್ನು ತಿದ್ದುವುದಿಲ್ಲ.

ಫೋನೆತ್ತುವವರು ಲಾಂಡ್ರಿಯಕ್ಕ. ಎಲ್ಲರಿಗಿಂತ ಹಿರಿಯರು, ಇಪ್ಪತ್ತು ವರ್ಷ ಲಾಂಡ್ರಿಯಲ್ಲಿದ್ದವರು. ಆ ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದು, ಎಲ್ಲವೂ ಕೈಸನ್ನೆ. ಅದಕ್ಕೇ ಈಗಲೂ ಫೋನಿನಲ್ಲಿ "ಎಸ್" ಎನ್ನಬೇಕಾದಾಗ ಸುಮ್ಮನೆ ತಲೆಯಾಡಿಸುತ್ತಾರೆ, "ಎಡಕ್ಕೆ" ಎನ್ನಬೇಕಾದಾಗ ಕೈ ತೋರಿಸುತ್ತಾರೆ. ನಾವು ನಕ್ಕರೆ ಅವರೂ ನಗುತ್ತಾರೆ. ಮೂರು ಪ್ರಶ್ನೆ ದಾಟಿ ಒಂದು ಶಬ್ದ ಇನ್ನೂ ಹೊರಬಂದಿಲ್ಲ. ಪರೀಕ್ಷೆಗೆ ಮೂರೇ ತಿಂಗಳು.

ಬುಧವಾರ ಕಾಯುತ್ತಿರುತ್ತೇವೆ.

ಮಗಳು

●

ಜುಲೈ 9

ಮಗಳಿಗೆ,

ನಿನ್ನೆಯ ಅವಮಾನವನ್ನು ನೀನು ಸ್ಪೀಕರಿನಲ್ಲಿ ಕೇಳಿದ್ದೀಯ. ಆದರೂ ಈ ಕಡೆ ಆದದ್ದು ಬರೆಯಬೇಕು.

ನಾನು ಹದಿನಾಲ್ಕು ವಾಕ್ಯ ಬರೆದಿಟ್ಟುಕೊಂಡಿದ್ದೆ. ಒಂದಕ್ಕಿಂತ ಒಂದು ಶುದ್ಧ. ನಿನ್ನ ಅತ್ತೆ ಮಿಷನ್ನುಗಳನ್ನು ನಿಲ್ಲಿಸಿದಳು, ಅದರಿಂದ ಇನ್ನೂ ಕೆಟ್ಟಿತು. ಅಳತೆ ಕೊಡಲು ಬಂದಿದ್ದ ಮೂವರು ಹೆಂಗಸರು, ಹೊಲಿಯುವ ಇಬ್ಬರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೊದಲ ವಾಕ್ಯ ಓದಿದೆ. ಆ ಹೆಣ್ಣುಮಗಳು ಎಲ್ಲಿದ್ದೀರಿ ಎಂದು ಕೇಳಿದಳು. ನಾನು ಎರಡನೆಯ ವಾಕ್ಯ ಓದಿದೆ. ಅದು ಬೆಂಕಿಯ ಬಣ್ಣದ ಬಗ್ಗೆ ಇತ್ತು. ಅವಳು ಮತ್ತೆ ಎಲ್ಲಿದ್ದೀರಿ ಎಂದಳು. ನಾನು ಮೂರನೆಯದನ್ನು ಓದಿದೆ. ಮೂರನೆಯ ಸಲ ಕೇಳಿದಾಗ ಉತ್ತರಕ್ಕಾಗಿ ಹಾಳೆ ಹಿಂದೆ ಮುಂದೆ ತಿರುಗಿಸಿದೆ, ಅದರಲ್ಲಿ ವಿಳಾಸವೇ ಇರಲಿಲ್ಲ. ನನ್ನ ಸ್ವಂತ ಮನೆಯ ವಿಳಾಸ ನನಗೆ ಇಂಗ್ಲಿಷಿನಲ್ಲಿ ಹೊಳೆಯಲಿಲ್ಲ. ಫೋನ್ ಕುಕ್ಕಿಬಿಟ್ಟೆ.

ಆಮೇಲೆ ಏನಾಯಿತೆಂದು ನಿನಗೆ ಗೊತ್ತು. ಮೆಟ್ಟಿಲವರೆಗೆ ಹೋಗಿದ್ದೆ, ಫೋನ್ ರಿಂಗಾಯಿತು. ಅತ್ತೆ ಎತ್ತಿ ನನ್ನ ಕಿವಿಗೆ ಒತ್ತಿದಳು. "ಸರ್, ಲೈನ್ ಕಟ್. ಐ ಕಾಲ್ ಅಗೇನ್. ಡೋಂಟ್ ಫಿಯರ್. ಸ್ಲೋ, ಸರ್. ಒನ್ ವರ್ಡ್. ವೇರ್?"

ನಾನು ಬೀದಿಯ ಹೆಸರು ಹೇಳಿದೆ. ಒಂದೇ ಶಬ್ದ. ಅವಳು "ಗುಡ್, ಸರ್" ಎಂದಳು.

ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳ ಪುಸ್ತಕದಲ್ಲಿ ನಾನು "ಗುಡ್" ಎಂದು ಬರೆದಿದ್ದೇನೋ. ನನಗೆ ಯಾರೂ ಹೇಳಿರಲಿಲ್ಲ. ಮೇಲೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಿಮ್ಮ ಕೆಲಸಕ್ಕೆ ನಾನು ಆಗಿಬರಲಿಲ್ಲ ಎಂಬುದು ಸ್ಪಷ್ಟ. ಬೇರೆಯವರನ್ನು ನೋಡಿಕೋ. ಆ ಹೆಣ್ಣುಮಗಳಿಗೆ ನನ್ನ ನಮಸ್ಕಾರ ಹೇಳು.

ತಂದೆ

●

ಜುಲೈ 13

ಅಪ್ಪನವರಿಗೆ,

ಬೇರೆಯವರನ್ನು ನೋಡಿಕೊಳ್ಳುವ ಮಾತೇ ಇಲ್ಲ!

ಈ ಕಡೆ ಆದದ್ದು ಕೇಳಿ. ನೀವು ಫೋನಿಟ್ಟಾಗ ಕೋಣೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಆಟ ಮುಗಿಯಿತು, ಉಲ್ಲನ್ ಉಂಡೆ ತೆಗೆಯೋಣ ಎನ್ನುವಷ್ಟರಲ್ಲಿ ಲಾಂಡ್ರಿಯಕ್ಕ ನಂಬರು ಒತ್ತತೊಡಗಿದ್ದರು. "ಏನು ಮಾಡ್ತಿದ್ದೀರಿ?" ಎಂದೆ. "ನಿಯಮ ಹಂಗೇ ಇದೆಯಲ್ಲ ಟೀಚರ್, ಲೈನ್ ಕಟ್ ಆದ್ರೆ ನಾವೇ ತಿರುಗಿ ಮಾಡಬೇಕು, ಮೂವತ್ತು ಸೆಕೆಂಡಲ್ಲಿ. ಆ ಮನುಷ್ಯ ಹೆದರಿದಾನೆ" ಎಂದರು. ನಿಯಮದ ಪುಸ್ತಕ ಪಾಠ ಮಾಡಿದವಳು ನಾನು. ಆ ನಿಯಮ ನನಗೆ ನೆನಪೇ ಆಗಿರಲಿಲ್ಲ.

ಆಮೇಲೆ ಅವರು ಆಡಿದ್ದನ್ನು ನೀವು ಕೇಳಿದಿರಿ. ಕೊನೆಯ ಪ್ರಶ್ನೆ ಬಿಟ್ಟರೆ ಅದರಲ್ಲಿ ಒಂದು ಶಬ್ದವೂ ನಾನು ಹೇಳಿಕೊಟ್ಟದ್ದಲ್ಲ. ಫೋನಿಟ್ಟ ಮೇಲೆ ಅವರು ತಮ್ಮ ಕೈ ನೋಡಿಕೊಂಡರು, "ಅಯ್ಯೋ, ಸನ್ನೆ ಮಾಡೋದೇ ಮರೆತೆ" ಎಂದರು. ಏಳು ಜನ ಎದ್ದು ಕುಣಿದುಬಿಟ್ಟರು, ಒಬ್ಬಳು ಕುರ್ಚಿ ಮುರಿದಳು.

ನನ್ನ ತಪ್ಪು ನನಗೆ ಆಗ ಹೊಳೆಯಿತು. ನಾನು ಕಾಲರ್ ಆಗಿ ಮಾತಾಡುವಾಗ ಎಷ್ಟು ನಯವಾಗಿ, ಎಷ್ಟು ಬಿಡಿಸಿ ಮಾತಾಡುತ್ತಿದ್ದೆ! ಮನೆಗೆ ಬೆಂಕಿ ಬಿದ್ದವರು ಹಾಗೆ ಮಾತಾಡುತ್ತಾರೆಯೇ? ಅವರಿಗೂ ವಿಳಾಸ ಮರೆಯುತ್ತದೆ, ಅವರೂ ಫೋನ್ ಕುಕ್ಕುತ್ತಾರೆ. ನಮ್ಮ ಎಂಟು ಜನಕ್ಕೆ ನಿಜವಾಗಿ ಬೇಕಿದ್ದದ್ದು ನಿಮ್ಮಂಥವರೇ. ಹದಿನಾಲ್ಕು ವಾಕ್ಯ ಒಲೆಗೆ ಹಾಕಿ. ಹೆದರಿಕೆ ಹೇಗಿದೆಯೋ ಹಾಗೇ ಇರಲಿ, ಅದನ್ನು ಹೊತ್ತುಕೊಂಡೇ ಮಾಡಿ.

ಲಾಂಡ್ರಿಯಕ್ಕ ಕೇಳುತ್ತಿದ್ದಾರೆ, ತಂಗಿಯ ಸುಟ್ಟ ಕೈ ಈಗ ಹೇಗಿದೆ?

ನಿಮ್ಮ ಮಗಳು

●

ಆಗಸ್ಟ್ 20

ಮಗಳೇ,

ನಿನ್ನೆಯ ಗಲಾಟೆಗೆ ನಿನ್ನ ಚೀಟಿಗಳೇ ಕಾರಣ. ಮತ್ತೆ ಬೆಂಕಿಯ ಚೀಟಿ ಯಾಕೆ ಕಳಿಸಿದೆ? ಈಗ ಹಾಳೆ ಹಿಡಿಯದೆ ಮಾತಾಡುತ್ತೇನಲ್ಲ, ಬಾಯಿಗೆ ಬಂದದ್ದು ಬಂತು, "ಫೈರ್! ಫೈರ್! ಕಿಚನ್! ಕಮ್ ಫಾಸ್ಟ್!" ಎಂದು ಕೂಗಿದೆ. ನಮ್ಮ ಬುಧವಾರದ ಕರೆಯ ವಿಷಯ ಗೊತ್ತಿಲ್ಲದ ಹೆಂಗಸೊಬ್ಬರು, ಒಂದು ತೋಳಿಗೆ ಮಾತ್ರ ಟಾಕಾ ಹಾಕಿದ ರವಿಕೆಯಲ್ಲೇ, ಇಸ್ತ್ರಿ ಬಟ್ಟೆಗೆ ಚಿಮುಕಿಸಲು ಇಟ್ಟಿದ್ದ ನೀರಿನ ಬಕೆಟ್ ಎತ್ತಿಕೊಂಡು ಮಹಡಿಗೆ ಓಡಿದರು. ಹಿಂದೆ ಪಕ್ಕದ ಗಡಿಯಾರ ರಿಪೇರಿಯವನು. ಅಡುಗೆಮನೆಯಲ್ಲಿ ಬೆಂಕಿ ಕಾಣದೆ, ತಂದ ನೀರು ವ್ಯರ್ಥವಾಗಬಾರದೆಂದೋ ಏನೋ, ನನ್ನ ಹಾಸಿಗೆಯ ಮೇಲೆ ಸುರಿದರು.

ಅತ್ತೆ ನಕ್ಕು ನಕ್ಕು ನೆಲದ ಮೇಲೆ ಕೂತಳು. ನನಗೆ ಮಾತ್ರ, ಹೇಳಲು ನಾಚಿಕೆ, ಎಂದೂ ಆಗದಷ್ಟು ಹೆಮ್ಮೆಯಾಯಿತು. ನನ್ನ ಇಂಗ್ಲಿಷನ್ನು ಒಬ್ಬರು ನಂಬಿದರು ಕಣೇ! ನಂಬಿ ಮೆಟ್ಟಿಲು ಹತ್ತಿದರು.

ಈಗ ಬುಧವಾರ ಮೂರು ಗಂಟೆಗೆ ಅಂಗಡಿ ತುಂಬಿರುತ್ತದೆ. ಹೊಲಿಯುವ ಹುಡುಗಿಯರಿಬ್ಬರು ತಾವೂ ಕಲಿಯುತ್ತೇವೆ ಎಂದಿದ್ದಾರೆ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಒಬ್ಬಳಿಗೆ ಕುಪ್ಪಸದ ಚಿತ್ರ ಕೊಟ್ಟೆ. ಇನ್ನೊಬ್ಬಳು ಬಿಡಿಸಿದ್ದಕ್ಕೆ ಮೂರು ತೋಳಿದ್ದವು. ನಾನು ತಿದ್ದಲಿಲ್ಲ. ನಾಲಿಗೆ ಕಚ್ಚಿಕೊಂಡು ಕೂತಿದ್ದೆ, ಕೊನೆಯ ಹತ್ತು ನಿಮಿಷದವರೆಗೆ.

ಮುಂದಿನ ಚೀಟಿಗಳಲ್ಲಿ ಬೆಂಕಿ ಬೇಡ. ಕಾಲು ಮುರಿತ ಆಗಬಹುದು.

ಅಪ್ಪ

●

ಸೆಪ್ಟೆಂಬರ್ 29

ಅಪ್ಪಾ,

ಏಳು! ಎಂಟರಲ್ಲಿ ಏಳು!

ಉಸಿರು ಬಿಟ್ಟು ಬರೆಯುತ್ತೇನೆ. ಲಾಂಡ್ರಿಯಕ್ಕ ಕೊನೆಯವರು. ಅಷ್ಟರಲ್ಲಿ ಐವರು ಪಾಸು, ಇಬ್ಬರದು ಡೋಲಾಯಮಾನ. ಇವರು ಹೋದರೆ ಎಲ್ಲವೂ ಹೋದಂತೆ. ಮೇಲ್ವಿಚಾರಕರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಎರಡು ಕರೆ ಸುಮಾರಾಗಿ ನಡೆದವು. ಮೂರನೆಯದರಲ್ಲಿ ಪರೀಕ್ಷಕಿ ಬರೀ ಅಳುವ ದನಿ ಮಾಡಿ, ಎರಡು ಅರ್ಧರ್ಧ ಮಾತಾಡಿ, ಫೋನಿಟ್ಟುಬಿಟ್ಟರು. ಪರೀಕ್ಷೆ ಅಲ್ಲಿಗೆ ಮುಗಿಯಿತು ಎಂದು ಅವರ ಎಣಿಕೆ. ನಮ್ಮವರ ಎಣಿಕೆ ಬೇರೆ. ನಂಬರು ಒತ್ತಿಯೇಬಿಟ್ಟರು. "ಮೇಡಂ, ಲೈನ್ ಕಟ್. ಐ ಆಮ್ ಹಿಯರ್. ಸ್ಲೋ. ಒನ್ ವರ್ಡ್. ವೇರ್?"

ಆಮೇಲೆ ಪರೀಕ್ಷಕಿಯೇ ನನಗೆ ಹೇಳಿದರು: "ನಾನು ಮುಗೀತು ಅಂತ ನೀರು ಕುಡೀತಾ ಕೂತಿದ್ದೆ ಕಣ್ರೀ. ಇವರು ಬಿಡಬೇಕಲ್ಲ! ನನ್ನ ಹತ್ತಿರ ವಿಳಾಸ ಇಸ್ಕೊಂಡು, ಜೊತೇಲಿ ಯಾರಿದಾರೆ ಅಂತ ಕೇಳಿ, ಬಾಗಿಲು ತೆಗೆದಿಡಿ ಅಂದ್ರು. ನಾನು ನಿಜವಾಗ್ಲೂ ಎದ್ದು ಹೋಗಿ ಬಾಗಿಲು ತೆಗೆದೆ." ಇಷ್ಟು ಪರೀಕ್ಷೆ ಮಾಡಿದ್ದರಲ್ಲಿ ತಿರುಗಿ ಕರೆ ಮಾಡಿದವರು ಇವರೊಬ್ಬರೇ ಅಂತೆ. ಡೋಲಾಯಮಾನ ಇದ್ದವರಲ್ಲಿ ಒಬ್ಬಳು ದಾಟಿದಳು. ಇನ್ನೊಬ್ಬಳಿಗೆ ಮುಂದಿನ ತಿಂಗಳು ಮತ್ತೊಂದು ಅವಕಾಶ. ಅವಳು ಈಗಾಗಲೇ ನಿಮ್ಮ ಬುಧವಾರ ಕಾಯ್ದಿರಿಸಿಕೊಂಡಿದ್ದಾಳೆ. ಮೇಲ್ವಿಚಾರಕರು ಉಲ್ಲನ್ ಉಂಡೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಟೆನಿಸ್ ಚೆಂಡು ಮೇಲು ಎಂದೆ.

ಸಂಜೆ ಲಾಂಡ್ರಿಯಕ್ಕ ಹೊಸ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿಸಿ ನೋಡಿಕೊಂಡರು. "ಟೀಚರ್, ನಿಮ್ಮಪ್ಪ ಫೋನಿಟ್ಟಾಗ ನೀವ್ಯಾಕೆ ತಿರುಗಿ ಮಾಡಲಿಲ್ಲ?" ಎಂದು ಕೇಳಿದರು. ಅವರು ಜುಲೈಯ ಬುಧವಾರದ ಬಗ್ಗೆ ಕೇಳಿದ್ದು. ನಾನು ಹತ್ತು ವರ್ಷದ ಲೆಕ್ಕ ಹಾಕುತ್ತಾ ನಿಂತುಬಿಟ್ಟೆ.

ಅಪ್ಪಾ, ಈ ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ. ನಾಲ್ಕು ಪುಟ, ತುಂಬಾ ಕೆಂಪು. ಅದನ್ನು ಹರಿಯಲು ನನ್ನಿಂದ ಎಂದೂ ಆಗಲಿಲ್ಲ. ಆವತ್ತು ನನಗೆ ಬಹಳ ನೋವಾಯಿತು, ಇವತ್ತಿಗೂ ಆಗುತ್ತದೆ. ನಿಮಗೆ ಬೇಸರವಾಗಲೆಂದು ಕಳಿಸುತ್ತಿಲ್ಲ. ಈ ಲೈನ್ ಕಟ್ಟಾದ ಮೇಲೆ ಇಬ್ಬರೂ ಸುಮ್ಮನೆ ಕೂತೆವು, ಅದಕ್ಕೆ ನಾನೇ ತಿರುಗಿ ಮಾಡುತ್ತಿದ್ದೇನೆ.

ನಿಮ್ಮ ಮಗಳು

●

ಅಕ್ಟೋಬರ್ 5

ಮಗಳೇ,

ಏಳು ಜನಕ್ಕೂ ನನ್ನ ಅಭಿನಂದನೆ ಹೇಳು. ಲಾಂಡ್ರಿಯಕ್ಕನಿಗೆ ನಾನೇ ಫೋನಿನಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ, ಚೀಟಿಯಿಲ್ಲದೆ. ಅತ್ತೆ ಅಂಗಡಿಯಲ್ಲಿದ್ದವರಿಗೆಲ್ಲ ಸಿಹಿ ಹಂಚಿದಳು, ಬಕೆಟ್ ಎತ್ತಿದ ಆ ಹೆಂಗಸಿಗೆ ಎರಡು ಪಾಲು.

ಆ ನಾಲ್ಕು ಪುಟ ಮೂರು ಸಲ ಓದಿದೆ. ಆಗಲೇ ಹೀಗೆ ಓದಬೇಕಿತ್ತು. ಅದು ಬಂದ ದಿನ ನಾನು ಹೆದರಿದ್ದೆ. ನನ್ನ ಮಗು ಅಷ್ಟು ದೂರದಲ್ಲಿ ಅಳುತ್ತಿದೆ, ಏನು ಹೇಳಬೇಕೋ ಗೊತ್ತಾಗಲಿಲ್ಲ. ಗೊತ್ತಿದ್ದ ಕೆಲಸ ಒಂದೇ, ಪೆನ್ನು ತೆಗೆದು ಅದನ್ನೇ ಮಾಡಿದೆ. ಎಲ್ಲಿದ್ದೀರಿ ಎಂದು ಕೇಳಿದವರಿಗೆ ಬೆಂಕಿಯ ಬಣ್ಣ ಓದಿ ಹೇಳಿದೆನಲ್ಲ, ಹಾಗೆ. ಅದು ದೊಡ್ಡ ತಪ್ಪು. ನನ್ನನ್ನು ಕ್ಷಮಿಸು.

ಮೂವತ್ತು ಸೆಕೆಂಡಿನಲ್ಲಿ ಮಾಡಬೇಕಿದ್ದ ಕರೆ, ಹತ್ತು ವರ್ಷ ತಡವಾಗಿ ಮಾಡುತ್ತಿದ್ದೇನೆ. ನಿನ್ನ ಕಾಗದಕ್ಕೆ ನಾನು ಬರೆಯಬೇಕಿದ್ದ ಉತ್ತರ ಇದು:

ಎಲ್ಲಿದ್ದೀಯ, ಮಗಳೇ? ಏನಾಯಿತು? ಜೊತೆಗೆ ಯಾರಿದ್ದಾರೆ?

ಅಪ್ಪ

●

ಅಕ್ಟೋಬರ್ 9

ಅಪ್ಪಾ,

ಎಲ್ಲಿದ್ದೇನೆ: ಬಸ್ ನಿಲ್ದಾಣದ ಎದುರಿನ ಅಂಚೆ ಕಚೇರಿಯಲ್ಲಿ, ಇಲ್ಲಿನವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಪೆನ್ನಿಗೆ ದಾರ ಕಟ್ಟಿದ್ದಾರೆ, ಅಕ್ಷರ ಓರೆಯಾದರೆ ಅದಕ್ಕೇ.

ಏನಾಯಿತು: ಹತ್ತು ದಿನ ರಜೆ ಸಿಕ್ಕಿತು. ಮುಂದಿನ ಶನಿವಾರ, 17ರ ಮಧ್ಯಾಹ್ನ, ಹೊರಡುವ ಬಸ್ಸಿಗೆ ಈಗಷ್ಟೇ ಎರಡು ಸೀಟು ಕಾಯ್ದಿರಿಸಿ ಬಂದೆ.

ಜೊತೆಗೆ ಯಾರಿದ್ದಾರೆ: ಲಾಂಡ್ರಿಯಕ್ಕ. ನಿಮ್ಮನ್ನೂ, ಕೈ ಸುಟ್ಟ ತಂಗಿಯನ್ನೂ ಕಣ್ಣಾರೆ ನೋಡಲೇಬೇಕಂತೆ. ಈಗ ಗಾಜಿನಾಚೆ ನಿಂತು, ಬೇಗ ಮುಗಿಸಿ ಎಂದು ಕೈಸನ್ನೆ ಮಾಡುತ್ತಿದ್ದಾರೆ.

ಅಂಗಡಿಯಲ್ಲಿ ಯಾರೂ ಬಕೆಟ್ ಎತ್ತದಂತೆ ನೋಡಿಕೊಳ್ಳಲು ಅತ್ತೆಗೆ ಹೇಳಿ. ಬಾಗಿಲು ತೆಗೆದಿಡಿ. ನಾವು ಬರುತ್ತಿದ್ದೇವೆ, ಲೈನ್ ಬಿಡಬೇಡಿ.

ನಿಮ್ಮ ಮಗಳು